ತಪ್ಪೊಪ್ಪಿಕೊಂಡವನೇ ನಿರಪರಾಧಿ!

1979ರ ಜೂನ್ ತಿಂಗಳು. ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರ್ ಪೊಲೀಸರಿಗೆ ಅಂಚೆಯಲ್ಲಿ ಒಂದು ಕ್ಯಾಸೆಟ್ ಬಂತು. ತನ್ನ ಹೆಸರು ‘ಜ್ಯಾಕ್’ ಎಂದು ಹೇಳಿಕೊಂಡ ಗಂಡಸೊಬ್ಬ, ಹೆಂಗಸರನ್ನು ಕೊಲ್ಲುತ್ತಿರುವವನು ತಾನೇ ಎಂದು ಪೊಲೀಸರನ್ನು ಅಣಕಿಸಿದ್ದ. ವರ್ಷಗಟ್ಟಲೆ ಹುಡುಕಿ ಸೋತಿದ್ದ ಅಧಿಕಾರಿಗಳು ಆ ಧ್ವನಿಯನ್ನು ನಂಬಿಬಿಟ್ಟರು. ಉಚ್ಚಾರಣೆ ಸಂಡರ್‌ಲೆಂಡ್ ಕಡೆಯದಾಗಿದ್ದರಿಂದ ತನಿಖೆ ಅತ್ತ ತಿರುಗಿತು.

ನಿಜವಾದ ಹಂತಕ ಪೀಟರ್ ಸಟ್‌ಕ್ಲಿಫ್ ಬ್ರ್ಯಾಡ್‌ಫರ್ಡಿನ ಲಾರಿ ಚಾಲಕ. ಅವನ ಮಾತಿನ ಧಾಟಿಯೇ ಬೇರೆ. ಪೊಲೀಸರು ಒಟ್ಟು ಒಂಬತ್ತು ಸಲ ವಿಚಾರಿಸಿ ಅವನನ್ನು ಬಿಟ್ಟಿದ್ದರು. ಕ್ಯಾಸೆಟ್ ಬಂದ ಮೇಲೂ ಅವನ ಕೈಯಲ್ಲಿ ಮೂವರು ಮಹಿಳೆಯರು ಸತ್ತರು. 1981ರ ಜನವರಿಯಲ್ಲಿ ಕಾರಿನ ಸುಳ್ಳು ನಂಬರ್ ಪ್ಲೇಟ್‌ನಿಂದ ಅವನು ಸಿಕ್ಕಿಬಿದ್ದ. 13 ಕೊಲೆಗಳು ಸಾಬೀತಾದವು. ಐಟಿವಿ 2023ರಲ್ಲಿ ಪ್ರಸಾರ ಮಾಡಿದ ‘ದ ಲಾಂಗ್ ಶ್ಯಾಡೋ’ ಧಾರಾವಾಹಿ ಈ ಕಥೆಯನ್ನು ಏಳು ಕಂತುಗಳಲ್ಲಿ ಹೇಳುತ್ತದೆ. ಅದರಲ್ಲಿ ಹಂತಕನಿಗಿಂತ ಸತ್ತವರ ಮನೆಯವರಿಗೆ, ಬದುಕುಳಿದವರಿಗೆ ಹೆಚ್ಚು ಜಾಗವಿದೆ.

ಗೆರೆಗಳು ಹೇಳಿದ ಸತ್ಯ

ಐಟಿವಿಯದೇ ಇನ್ನೊಂದು ನಾಟಕ ‘ಕೋಡ್ ಆಫ್ ಎ ಕಿಲ್ಲರ್’ (2015). ಇದರ ನಾಯಕರಲ್ಲಿ ಒಬ್ಬರು ವಿಜ್ಞಾನಿ, ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್. ನಮ್ಮೆಲ್ಲರ ಡಿಎನ್‌ಎ ಬಹುಪಾಲು ಒಂದೇ. ಆದರೆ ಕೆಲವೆಡೆ ಚಿಕ್ಕ ತುಣುಕುಗಳು ಮತ್ತೆ ಮತ್ತೆ ಬರುತ್ತವೆ. ಎಷ್ಟು ಸಲ ಎಂಬುದು ಒಬ್ಬೊಬ್ಬರಲ್ಲೂ ಬೇರೆ. ಈ ವ್ಯತ್ಯಾಸವನ್ನು ಜೆಫ್ರೀಸ್ 1984ರಲ್ಲಿ ಎಕ್ಸ್-ರೇ ಫಿಲ್ಮಿನ ಮೇಲೆ ಗೆರೆಗಳ ಸಾಲಾಗಿ ಕಂಡರು. ಅದೇ ಡಿಎನ್‌ಎ ಬೆರಳಚ್ಚು! ತದ್ರೂಪಿ ಅವಳಿಗಳನ್ನು ಬಿಟ್ಟರೆ ಈ ಗೆರೆಗಳು ಇಬ್ಬರಲ್ಲಿ ಪೂರ್ತಿ ಹೊಂದುವುದು ಅತಿ ವಿರಳ.

ಲೆಸ್ಟರ್ ಸಮೀಪದ ಹಳ್ಳಿಗಳಲ್ಲಿ 1983 ಮತ್ತು 1986ರಲ್ಲಿ 15 ವರ್ಷದ ಇಬ್ಬರು ಬಾಲಕಿಯರ ಕೊಲೆಯಾಗಿತ್ತು. ಎರಡನೆಯ ಕೊಲೆಯನ್ನು 17ರ ಹುಡುಗನೊಬ್ಬ ಒಪ್ಪಿಕೊಂಡ. ಮೊದಲನೆಯದೂ ಅವನದೇ ಎಂದು ಖಚಿತಪಡಿಸಿಕೊಳ್ಳಲು ಪೊಲೀಸರು ಜೆಫ್ರೀಸ್ ನೆರವು ಕೋರಿದರು. ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸಿತು: ಎರಡೂ ಕೊಲೆ ಒಬ್ಬನದೇ, ಆದರೆ ಆ ಒಬ್ಬ ಈ ಹುಡುಗನಲ್ಲ! ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿ ಎಂದು ಸಾಬೀತಾದ ಮೊದಲಿಗ ಅವನೇ.

ಆಮೇಲೆ ಸುತ್ತಲಿನ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮಾದರಿ ಸಂಗ್ರಹಿಸಿದರೂ ಹಂತಕ ಸಿಗಲಿಲ್ಲ. ಕಾಲಿನ್ ಪಿಚ್‌ಫೋರ್ಕ್ ಎಂಬಾತ ತನ್ನ ಬದಲು ಸಹೋದ್ಯೋಗಿಯಿಂದ ರಕ್ತ ಕೊಡಿಸಿದ್ದ. ಪಬ್‌ನಲ್ಲಿ ಆಡಿದ ಮಾತಿನಿಂದ ಗುಟ್ಟು ರಟ್ಟಾಯಿತು. 1988ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಮತ್ತೆ ‘ಜ್ಯಾಕ್’ ಏನಾದ? ಅವನು ಪತ್ರಗಳನ್ನೂ ಕಳಿಸಿದ್ದ. ಲಕೋಟೆಯ ಅಂಟಿನಲ್ಲಿ ಎಂಜಲು ಉಳಿದಿತ್ತು. 2005ರಲ್ಲಿ ಅದರ ಡಿಎನ್‌ಎ ಅವನನ್ನು ಹಿಡಿದುಕೊಟ್ಟಿತು. ಸುಳ್ಳು ಹೇಳಿ ತನಿಖೆಯ ದಾರಿ ತಪ್ಪಿಸಿದ್ದಕ್ಕೆ ಎಂಟು ವರ್ಷ ಜೈಲಾಯಿತು.

ಸರಣಿ ಹಂತಕರ ಇಂಥ ಕಾರ್ಯಕ್ರಮಗಳು ಈಗ ಮಕ್ಕಳ ಕೈಯ ಮೊಬೈಲಿಗೂ ಬಂದಿವೆ. ಬೆಳೆದ ಮಕ್ಕಳು ನೋಡುವುದಾದರೆ ತಂದೆತಾಯಿ ಜೊತೆಗೆ ಕುಳಿತು ನೋಡುವುದು ಮೇಲು. ಹಂತಕನ ಕ್ರೌರ್ಯದ ಬಗ್ಗೆ ಮಾತು ಬೆಳೆಸುವುದಕ್ಕಿಂತ, ‘ಪೊಲೀಸರು ಇದನ್ನು ಯಾಕೆ ನಂಬಿದರು? ಪರೀಕ್ಷಿಸುವ ದಾರಿ ಇತ್ತೆ?’ ಎಂದು ಕೇಳಿನೋಡಿ. ಲೆಸ್ಟರ್‌ನಲ್ಲಿ ಯಾರೂ ಹಾಗೆ ಕೇಳದೇ ಇದ್ದಿದ್ದರೆ, ಮಾಡದ ಕೊಲೆಗೆ ಆ ಹುಡುಗ ಜೈಲಿನಲ್ಲಿ ಕೊಳೆಯಬೇಕಾಗುತ್ತಿತ್ತು.