ದಾರಿ ಬದಲಿಸುವ ಲೆಕ್ಕ: ಬಬಲೇಶ್ವರ ಸೀಮೆಯ ಕುರಿ ಹಿಂಡುಗಳು ಹೇಗೆ ನಡೆಯುತ್ತವೆ

ಬಿಳಿಜೋಳ ಕಿತ್ತು, ಕಣಿಕೆ ಬಣವೆ ಸೇರಿದ ಮೇಲೆ ವಿಜಯಪುರ ಜಿಲ್ಲೆಯ ಬಬಲೇಶ್ವರ, ತಿಕೋಟಾ ಸುತ್ತಿನ ಎರೆಹೊಲಗಳ ರೈತರು ಕುರಿ ಹಿಂಡಿನ ದಾರಿ ಕಾಯುತ್ತಾರೆ. ಬರುತ್ತೇವೆಂದು ಹೇಳಿಹೋದವರು ಒಂದು ವರ್ಷ ತಡವಾಗಿ ಬರುತ್ತಾರೆ, ಇನ್ನೊಂದು ವರ್ಷ ಬರುವುದೇ ಇಲ್ಲ. "ಮಾತ ಕೊಟ್ಟಿದ್ರು, ಬರ್ಲಿಲ್ಲ ನೋಡ್ರಿ" ಎಂದು ರೈತ ಬೇಸರಪಟ್ಟುಕೊಳ್ಳುತ್ತಾನೆ. ಆ ಬೇಸರ ನ್ಯಾಯವಾದದ್ದೇ. ಆದರೆ ಹಿಂಡು ದಾರಿ ಬದಲಿಸಿದ್ದರ ಹಿಂದೆ ಬಹುಪಾಲು ಗಟ್ಟಿಯಾದ ಲೆಕ್ಕ ಇರುತ್ತದೆ. ವರ್ಷದ ಹೆಚ್ಚಿನ ಕಾಲ ಬಯಲಲ್ಲೇ ಸಂಸಾರ ಮಾಡುವ ಕುರಿಗಾರ ಊರುಗಳ ಪಟ್ಟಿ ಹಿಡಿದು ಮನೆ ಬಿಡುವುದಿಲ್ಲ. ನೀರು, ಮೇವು, ಮಳೆ, ಮರಿ ಇವುಗಳಲ್ಲಿ ಯಾವುದು ಮೊದಲು ಕೈಕೊಟ್ಟರೆ ಎತ್ತ ತಿರುಗಬೇಕು ಎಂಬುದೇ ಅವನ ಬೇತ. ಆ ಬೇತ ಹೇಗೆ ನಡೆಯುತ್ತದೆ ಎಂದು ತಿಳಿದರೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಕೂಡ್ರಿಸುವ ರೈತನಿಗೂ ಲಾಭ, ಹಿಂಡು ಕಟ್ಟಲು ಹೊರಟ ಹೊಸಬನಿಗೂ ಲಾಭ.

ಮೊದಲು ನೆಲದ ವಿಚಾರ. ಡೋಣಿ ನದಿಯ ಎರಡೂ ಬದಿಗೆ ಹಬ್ಬಿರುವುದು ಆಳವಾದ ಎರೆಮಣ್ಣು. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಎನ್ನುವಷ್ಟು ಫಲವತ್ತಾದ ಈ ನೆಲ ಮಳೆ ಬಿದ್ದಾಗ ಕುರಿಗೆ ಆಗದು. ಕಾಲಿಗೆ ಅಂಟಿದ ಎರೆ ಗೊರಸಿನ ಸಂದಿಯಲ್ಲಿ ಕೂತು ಗಟ್ಟಿಯಾಗುತ್ತದೆ. ಅಲ್ಲಿ ಹುಣ್ಣಾಗಿ ಕಾಲು ಕೊಳೆಯುತ್ತದೆ. ಕುಂಟುವ ಕುರಿ ಹಿಂಡಿನ ಜೊತೆ ನಡೆಯಲಾರದು. ಆದ್ದರಿಂದ ಮಿರಗದ (ಮೃಗಶಿರಾ) ಮಳೆಯ ಸೂಚನೆ ಸಿಕ್ಕೊಡನೆ ಹಿಂಡುಗಳು ಎರೆ ಬಿಟ್ಟು ಮಡ್ಡಿ ಹತ್ತುತ್ತವೆ. ಮಡ್ಡಿಯ ಕಲ್ಲುನೆಲದಲ್ಲಿ ನೀರು ನಿಲ್ಲುವುದಿಲ್ಲ, ಸಣ್ಣ ಹುಲ್ಲು ಬೇಗ ಚಿಗುರುತ್ತದೆ.

ವಿಜಯಪುರ ಜಿಲ್ಲೆಯಲ್ಲಿ ಮಳೆಯ ಜೋರು ಸೆಪ್ಟೆಂಬರಿನಲ್ಲಿ. ಉತ್ತರಿ, ಹಸ್ತಿ ಮಳೆಗಳ ಹದ ನೋಡಿ ಜೋಳ, ಕಡಲೆ ಬಿತ್ತುತ್ತಾರೆ. ಬಿತ್ತಿದ ಹೊಲಗಳ ನಡುವೆ ಹಿಂಡಿಗೆ ಕಾಲಿಡಲು ಜಾಗವಿಲ್ಲ. ಡಿಸೆಂಬರ್–ಜನವರಿಯಲ್ಲಿ ತೊಗರಿ ಕಟಾವಾದಾಗ ಉದುರಿದ ಎಲೆ, ಆಮೇಲೆ ಕಡಲೆ ಹೊಲ, ಫೆಬ್ರುವರಿಯಿಂದ ಜೋಳದ ಹೊಲ ಒಂದೊಂದಾಗಿ ಖುಲ್ಲಾ ಆಗುತ್ತವೆ. ಬೇಸಿಗೆ ಏರಿದಂತೆ ಜಾಲಿಕಾಯಿ, ಆಮೇಲೆ ಕೃಷ್ಣೆಯ ದಂಡೆ. ಹಿಂಡಿನ ವರ್ಷ ಹೀಗೆ ಒಂದು ಬೆಳೆಯ ಕಟಾವಿನಿಂದ ಇನ್ನೊಂದರ ಕಟಾವಿಗೆ ದಾಟುತ್ತ ಸಾಗುತ್ತದೆ. ನಡುವಿನ ಒಂದು ಕೊಂಡಿ ಕಳಚಿದರೂ ಮುಂದಿನದೆಲ್ಲ ಬದಲಾಗಬೇಕು. ಹಿಂಗಾರಿ ಮಳೆ ತಡವಾದರೆ ಬಿತ್ತನೆ ತಡ, ಕಟಾವು ತಡ, ಹಿಂಡೂ ತಡ. ಇದರಲ್ಲಿ ಕುರಿಗಾರನ ತಪ್ಪೇನೂ ಇಲ್ಲ.

ಹೊರಗಿನವರ ಕಣ್ಣಿಗೆ ಕಾಣದ ಮುಖ್ಯ ಸಂಗತಿ ಮರಿಗಳದ್ದು. ಕುರಿಯ ಗಬ್ಬದ ಅವಧಿ ಸುಮಾರು 150 ದಿನ. ಟಗರು ಹಾಯಿಸಿದ ಹೊತ್ತಿಗೆ ಐದು ತಿಂಗಳು ಕೂಡಿಸಿದರೆ ಹಿಂಡು ಯಾವಾಗ ನಿಧಾನವಾಗುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ. ಈದ ಹೊಸತರಲ್ಲಿ ಮರಿಗಳು ದೂರ ನಡೆಯಲಾರವು. ಬೆಳಿಗ್ಗೆ ತಾಯಂದಿರು ಮೇಯಲು ಹೋದಾಗ ಮರಿಗಳನ್ನು ಬೀಡಿನಲ್ಲೇ ಬಲೆಯೊಳಗೆ ಕೂಡುತ್ತಾರೆ. ನೋಡಿಕೊಳ್ಳುವುದು ಬಹುಮಟ್ಟಿಗೆ ಹೆಂಗಸರು, ಹುಡುಗರು. ಸಂಜೆ ಹಿಂಡು ಮರಳಿದಾಗ ನೂರಾರು ಮರಿಗಳು ಒಮ್ಮೆಲೇ ಒದರುತ್ತವೆ. ಆ ಗದ್ದಲದಲ್ಲೇ ಪ್ರತಿ ತಾಯಿ ತನ್ನ ಮರಿಯನ್ನು ಮೂಸಿ ಗುರುತು ಹಿಡಿಯುತ್ತದೆ. ತಾಯಿ ಗುರುತು ಹಿಡಿಯದ ಮರಿಯನ್ನು ಮನೆಯವರೇ ಎತ್ತಿ ಕೆಚ್ಚಲಿಗೆ ಹಚ್ಚಬೇಕು. ಬೀಡು ಎತ್ತುವ ದಿನ ತೀರ ಎಳೆಯ ಮರಿಗಳು ಕುದುರೆ ಬೆನ್ನಿನ ಮೇಲೆ, ಇಲ್ಲವೇ ಬಾಡಿಗೆಯ ಟಾಟಾ ಏಸ್ ಗಾಡಿಯಲ್ಲಿ. ಹಿಂಡು ಮರಿಗಳಿಂದ ತುಂಬಿದ್ದಾಗ ಕುರಿಗಾರನ ಬಳಿ ಹತ್ತು ದಾರಿಗಳಿದ್ದರೂ ನಿಜವಾಗಿ ಇರುವುದು ಒಂದೇ: ನೀರಿನ ಹತ್ತಿರ ನಿಲ್ಲುವುದು. ಹಿರಿಯರು ಟಗರು ಹಾಯಿಸುವ ಹೊತ್ತಿನ ಮೇಲೆ ಅಷ್ಟು ನಿಗಾ ಇಡುವುದು ಇದಕ್ಕೇ. ದಾರಿ ಬದಲಿಸುವ ಸ್ವಾತಂತ್ರ್ಯವನ್ನು ಐದು ತಿಂಗಳ ಮೊದಲೇ ಕಾದಿಟ್ಟುಕೊಳ್ಳಬೇಕಾಗುತ್ತದೆ.

ಇನ್ನು ಕುರಿ ಕೂಡ್ರಿಸುವ ವ್ಯವಹಾರ. ರಾತ್ರಿ ಹಿಂಡು ಹೊಲದಲ್ಲಿ ತಂಗುತ್ತದೆ, ಹಿಕ್ಕೆ ಮತ್ತು ಗಂಜಳ ನೇರ ಮಣ್ಣಿಗೆ ಬೀಳುತ್ತವೆ. ಪ್ರತಿಯಾಗಿ ರೈತ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಕೃಷಿ ಪಠ್ಯಗಳ ಲೆಕ್ಕದಲ್ಲಿ ಕುರಿ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 3, ರಂಜಕ ಶೇ. 1, ಪೊಟ್ಯಾಶ್ ಶೇ. 2. ಸಾಮಾನ್ಯ ತಿಪ್ಪೆಗೊಬ್ಬರದಲ್ಲಿ ಸಾರಜನಕ ಇರುವುದು ಅರ್ಧ ಶೇಕಡಾದಷ್ಟು. ತಿಪ್ಪೆಗೆ ಹಾಕಿದಾಗ ಗಂಜಳದ ಹೆಚ್ಚಿನ ಪಾಲು ವ್ಯರ್ಥವಾಗುತ್ತದೆ, ಹೊಲದಲ್ಲೇ ಕೂಡ್ರಿಸಿದರೆ ಅದೂ ಉಳಿಯುತ್ತದೆ. ಆದರೆ ಹಿಂಡು ಎದ್ದುಹೋದ ಮೇಲೆ ಹೊಲವನ್ನು ಬಹಳ ದಿನ ಬಿಸಿಲಿಗೆ ಬಿಟ್ಟರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಬೇಗ ಒಂದು ಕುಂಟೆ ಹೊಡೆದು ಮೇಲುಮಣ್ಣಿನಲ್ಲಿ ಬೆರೆಸಬೇಕು. ಈ ಕೆಲಸ ಬಿಟ್ಟವರು ಕುರಿಗಾರನಿಗೆ ಕೊಟ್ಟ ಕಾಳಿನ ಬೆಲೆಯನ್ನು ಅರ್ಧ ಮಾತ್ರ ವಸೂಲಿ ಮಾಡಿಕೊಂಡಂತೆ.

ಈ ಸೀಮೆಯ ದಾರಿಗಳು ಕಳೆದ ಹತ್ತು–ಹನ್ನೆರಡು ವರ್ಷಗಳಲ್ಲಿ ಹಿಂದೆಂದೂ ಇಲ್ಲದಷ್ಟು ಬದಲಾಗಿವೆ. ಮುಳವಾಡ ಏತ ನೀರಾವರಿ, ತುಬಚಿ–ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಮೇಲೇರಿ ಕೆರೆಗಳು ತುಂಬಿವೆ. ಬರದ ಸೀಮೆಗೆ ಇದು ದೊಡ್ಡ ವರ. ಹಿಂಡಿಗೂ ಕುಡಿಯುವ ನೀರು ಸಿಕ್ಕಿತು. ಬೇಸಿಗೆಯಲ್ಲಿ ಡೋಣಿಯ ಸವುಳು ನೀರನ್ನೇ ನಂಬಿ ಕೂರಬೇಕಾಗಿಲ್ಲ. ಆದರೆ ಅದೇ ನೀರಿನಿಂದ ಜೋಳದ ಹೊಲ ಕಬ್ಬಾಯಿತು, ದ್ರಾಕ್ಷಿಯಾಯಿತು. ಕಬ್ಬು ಕಡಿದ ಮೇಲೆ ಕೆಲವು ದಿನ ರವದಿಯ ನಡುವೆ ಮೇವು ಸಿಗುತ್ತದೆ, ನಿಜ. ಕೂಳೆ ಕಬ್ಬು ಚಿಗುರಿತೆಂದರೆ ಅದೂ ಮುಗಿಯಿತು. ವರ್ಷವಿಡೀ ಹಸಿರಾಗಿರುವ ಹೊಲ ಹಿಂಡಿಗೆ ಮುಚ್ಚಿದ ಬಾಗಿಲು.

ದ್ರಾಕ್ಷಿ ಪಡದ ವಿಷಯ ಇನ್ನೂ ಸೂಕ್ಷ್ಮ. ತಿಕೋಟಾ ಭಾಗದ ಪಡಗಳಿಗೆ ಕುರಿಗೊಬ್ಬರ ಬೇಕೇಬೇಕು, ಆದರೆ ಪಡದೊಳಗೆ ಕುರಿ ಹೋಗಕೂಡದು. ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತು, ಅಂದರೆ ತಾಮ್ರದ ಲವಣ. ಸಾಕುಪ್ರಾಣಿಗಳಲ್ಲಿ ತಾಮ್ರವನ್ನು ಸಹಿಸುವ ಶಕ್ತಿ ಅತಿ ಕಡಿಮೆ ಇರುವುದು ಕುರಿಗೆ. ಉದುರಿದ ಎಲೆ, ಸಾಲಿನ ನಡುವಿನ ಹುಲ್ಲು ತಿಂದಾಗ ಅಂದೇ ಏನೂ ತೋರದು. ತಾಮ್ರ ದಿನದಿನಕ್ಕೆ ಪಿತ್ತಜನಕಾಂಗದಲ್ಲಿ ಕೂಡುತ್ತ ಹೋಗಿ, ಒಂದು ದಿನ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಕಣ್ಣು ಹಳದಿಯಾಗುತ್ತದೆ, ಮೂತ್ರ ಕೆಂಪು–ಕಂದಾಗುತ್ತದೆ, ಕುರಿ ಉಳಿಯುವುದು ಕಷ್ಟ. ಅಷ್ಟರಲ್ಲಿ ಹಿಂಡು ಇನ್ನೆಲ್ಲೋ ಇರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಚಾಟ್ನಿಯ (ಬಳ್ಳಿ ಸವರುವ) ಕಾಲದಲ್ಲಿ ಕತ್ತರಿಸಿ ಗುಡ್ಡೆ ಹಾಕಿದ ಬಳ್ಳಿಯನ್ನು "ಒಯ್ದು ಹಾಕ್ರಿ" ಎಂದು ಪ್ರೀತಿಯಿಂದ ಕೊಡುವ ಪಡದ ಮಾಲೀಕರು, ಯಾವ ಔಷಧ ಯಾವಾಗ ಹೊಡೆದದ್ದು ಎಂಬುದನ್ನೂ ಹೇಳಬೇಕು.

ಎಲ್ಲಕ್ಕಿಂತ ಅವಸರದಲ್ಲಿ ದಾರಿ ಬದಲಿಸುವಂತೆ ಮಾಡುವುದು ಏಪ್ರಿಲ್–ಮೇ ತಿಂಗಳ ಅಡ್ಡ ಮಳೆ. ಜೋಳವನ್ನು ಬೇರುಸಹಿತ ಕಿತ್ತ ಹೊಲದಲ್ಲಿ ಭಯ ಕಡಿಮೆ. ಕುಡಗೋಲಿನಿಂದಲೋ ಯಂತ್ರದಿಂದಲೋ ಕೊಯ್ದ ಹೊಲದಲ್ಲಿ ಕೂಳೆ ಉಳಿದಿರುತ್ತದೆ, ಒಂದು ಮಳೆಗೆ ಎಳೆಹಸಿರಾಗಿ ಚಿಗುರುತ್ತದೆ. ಆ ಚಿಗುರಿನಲ್ಲಿ ಅಡಗಿದ ಒಂದು ವಸ್ತು ಅಗಿದೊಡನೆ ಒಡೆದು ಸೈನೈಡ್ ವಿಷವಾಗುತ್ತದೆ. ಹಸಿದ ಕುರಿ ಹೊಟ್ಟೆತುಂಬ ತಿಂದರೆ ಉಸಿರು ಕಟ್ಟಿ, ನಡುಗಿ, ಸ್ವಲ್ಪ ಹೊತ್ತಿನಲ್ಲೇ ಬೀಳುತ್ತದೆ. ಪಶುವೈದ್ಯರು ರಕ್ತನಾಳಕ್ಕೆ ಕೊಡುವ ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಬೇಗ ಸಿಕ್ಕರೆ ಉಳಿದೀತು, ಆದರೆ ಬಯಲಲ್ಲಿ ಅಷ್ಟು ಸಮಯ ಸಿಗುವುದು ಅಪರೂಪ. ಪೂರ್ತಿ ಬೆಳೆದು ಒಣಗಿದ ಕಣಿಕೆಗೆ ಈ ದೋಷವಿಲ್ಲ. ಹೀಗಾಗಿ ರಾತ್ರಿ ಮಳೆ ಬಿದ್ದರೆ, ನಾಲ್ಕಾರು ದಿನದಲ್ಲಿ ಕೂಳೆ ಚಿಗುರುವ ಮೊದಲೇ ಹಿಂಡು ಆ ಹೊಲಗಳನ್ನು ಬಿಟ್ಟಿರುತ್ತದೆ, ರೈತನ ಜೊತೆ ಇನ್ನೂ ಮೂರು ರಾತ್ರಿಯ ಮಾತಾಗಿದ್ದರೂ ಸರಿ.

ಕೃಷ್ಣೆಯ ದಂಡೆಗೂ ತನ್ನದೇ ಲೆಕ್ಕವಿದೆ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಬೇಸಿಗೆಯಲ್ಲಿ ನೀರು ಇಳಿದಂತೆ ಗಲಗಲಿ ಕಡೆಯ ಹಿನ್ನೀರಿನ ದಂಡೆಯಲ್ಲಿ ಹಸಿರು ಹುಲ್ಲು ಏಳುತ್ತದೆ. ಸುತ್ತ ಎಲ್ಲೂ ಮೇವಿಲ್ಲದಾಗ ಅದು ದೊಡ್ಡ ಆಸರೆ. ಆದರೆ ಜೌಗಿನಲ್ಲಿರುವ ಬಸವನಹುಳುಗಳ ಮೂಲಕ ಪಿತ್ತಜನಕಾಂಗದ ಚಪ್ಪಟೆ ಹುಳ ಕುರಿಯ ಹೊಟ್ಟೆ ಸೇರುತ್ತದೆ. ತಿಂಗಳುಗಳ ನಂತರ ದವಡೆ ಕೆಳಗೆ ನೀರು ತುಂಬಿ ಜೋತುಬಿದ್ದಾಗ ಗೊತ್ತಾಗುವುದು. ದಂಡೆಗೆ ಹೋಗಿ ಬಂದ ಹಿಂಡಿಗೆ ಜಂತುನಾಶಕ ಕುಡಿಸುವುದು ತಪ್ಪಬಾರದು.

ಬದಲಾವಣೆಯ ತೀರ್ಮಾನ ಹೇಗಾಗುತ್ತದೆ? ಹಿಂಡುಗಳು ಒಂಟಿಯಾಗಿ ನಡೆಯುವುದಕ್ಕಿಂತ ಬಂಧುಬಳಗದ ನಾಲ್ಕಾರು ಹಿಂಡುಗಳು ಹತ್ತಿರ ಹತ್ತಿರ ನಡೆಯುವುದು ರೂಢಿ. ಒಬ್ಬರು ಮುಂದೆ ಹೋಗಿ ನೋಡಿ ಬರುತ್ತಾರೆ. ಮೊದಲು ಕಾಲ್ನಡಿಗೆಯಲ್ಲಿ, ಈಗ ಮೋಟರ್‌ಸೈಕಲ್ ಮೇಲೆ. ನೀರು ಎಲ್ಲಿದೆ, ಯಾವ ಹೊಲ ಖುಲ್ಲಾ ಆಗಿದೆ, ಹಿಂದೆ ಇದ್ದ ಬಂಡಿದಾರಿಗೆ ತಂತಿ ಬಿದ್ದಿದೆಯೇ, ಊರಲ್ಲಿ ಬೇರೆ ಹಿಂಡಿಗೆ ಬೇನೆ ಬಿದ್ದಿದೆಯೇ, ತೋಳದ ಕಾಟ ಎಷ್ಟು ಎಂದೆಲ್ಲ ವಿಚಾರಿಸುತ್ತಾರೆ. "ಸಾವಕಾರ್ರ, ಹೊಲ ಯಾವಾಗ ಖುಲ್ಲಾ ಆಗ್ತೈತ್ರಿ?" ಎಂದು ಫೋನಿನಲ್ಲಿ ಕೇಳಿದರೂ, ಕಣ್ಣಾರೆ ನೋಡದೆ ಹಿಂಡು ಎಬ್ಬಿಸುವುದಿಲ್ಲ. ಹುಲಜಂತಿಯ ಮಾಳಿಂಗರಾಯನ ದೀಪಾವಳಿ ಜಾತ್ರೆ, ಅರಕೇರಿಯ ಅಮೋಘಸಿದ್ಧನ ಗುಡ್ಡ ಇಂಥ ಹಾಲುಮತದ (ಕುರುಬರ) ಕ್ಷೇತ್ರಗಳಲ್ಲಿ ಸೇರಿದಾಗಲೂ ಭಕ್ತಿಯ ಜೊತೆಗೆ ಮಳೆ–ಮೇವಿನ ಸುದ್ದಿ ಕೈಬದಲಾಗುತ್ತದೆ. ರಾತ್ರಿ ಬೀಡಿನಲ್ಲಿ ಹಿರಿಯರು ಕೂತು ಮಾತಾಡಿ ತೀರ್ಮಾನಿಸುತ್ತಾರೆ. ಎಲ್ಲರಿಗೂ ಒಂದೇ ದಾರಿ ಸರಿಬರದಿದ್ದರೆ ಹಿಂಡು ಒಡೆಯುತ್ತಾರೆ: ಈದ ಕುರಿಗಳು ನೀರಿನ ಬಳಿ, ಗೊಡ್ಡು ಮತ್ತು ಟಗರು ದೂರದ ಮಡ್ಡಿಗೆ.

ಚಲಿಸುವ ಮನೆಯಲ್ಲಿ ಬದುಕುವವರಿಗೆಲ್ಲ ಋತುವೇ ಯಜಮಾನ. ಕೆರಿಬಿಯನ್ ಸಮುದ್ರದಲ್ಲಿ ಹಾಯಿದೋಣಿಯನ್ನೇ ಮನೆ ಮಾಡಿಕೊಂಡವರು ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಕಾಲದಲ್ಲಿ ದಕ್ಷಿಣದ ಗ್ರೆನಡಾ, ಟ್ರಿನಿಡಾಡ್ ಕಡೆ ಸರಿಯುತ್ತಾರೆ. ಗ್ರೆನಡಾ ಸುರಕ್ಷಿತ ಎಂಬ ನಂಬಿಕೆಯನ್ನು 2004ರ ಸೆಪ್ಟೆಂಬರಿನಲ್ಲಿ ಐವಾನ್ ಚಂಡಮಾರುತ ಮುರಿಯಿತು. 2024ರ ಜುಲೈ 1ರಂದು ಬೆರಿಲ್ ಅದೇ ದೇಶದ ಕ್ಯಾರಿಯಾಕು ದ್ವೀಪಕ್ಕೆ ಬಡಿದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮರೆಯಲ್ಲಿ ಕಟ್ಟಿದ್ದ ದೋಣಿಗಳೂ ಒಡೆದುಹೋದವು. ನಮ್ಮಲ್ಲಿ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಮಳೆ ಇಂಥದ್ದೇ. ಬರಕ್ಕೆ ಹೆಸರಾದ ವಿಜಯಪುರ ಜಿಲ್ಲೆ ನೀರಿನಲ್ಲಿ ಮುಳುಗಿತು. ಹಳ್ಳದ ದಂಡೆಯ ತಂಪು ಜಾಗ ಎಷ್ಟೇ ವರ್ಷ ಕಾಪಾಡಿರಲಿ, ಮೋಡ ಕವಿದ ರಾತ್ರಿ ಅಲ್ಲಿ ಬೀಡು ಹಾಕಬಾರದು ಎಂದು ಆ ವರ್ಷ ಕಲಿಸಿತು. ಎರಡೂ ಕಡೆ ನಾನು ಕಾಣುವುದು ಒಂದೇ: ಇನ್ನೂ ಎರಡು ದಾರಿ ತೆರೆದಿರುವಾಗ ಬೇತ ಬದಲಿಸಿದವರು ಉಳಿಯುತ್ತಾರೆ. ಮೇವು ಮುಗಿದ ಮೇಲೆ, ನೀರು ಬತ್ತಿದ ಮೇಲೆ ಎದ್ದ ಹಿಂಡಿಗೆ ಆಯ್ಕೆಯೇ ಇರುವುದಿಲ್ಲ.

ಹೊಸ ದಿಕ್ಕಿಗೆ ಹೊರಡುವ ಮುನ್ನ ಲಸಿಕೆಯ ಲೆಕ್ಕ ನೋಡಬೇಕು. ಹೊಸ ಚಿಗುರು ಗಬಗಬ ತಿಂದಾಗ ಬರುವ ಕರುಳುಬೇನೆಗೆ ಮಳೆಗಾಲದ ಮೊದಲೇ ಲಸಿಕೆ ಆಗಿರಬೇಕು. ಬೇರೆ ಹಿಂಡುಗಳ ಜೊತೆ ಒಂದೇ ಕೆರೆಯ ನೀರಿಗೆ ಇಳಿಯುವುದಾದರೆ ಕುರಿ–ಮೇಕೆಗಳ ಅಂಟುರೋಗವಾದ ಪಿ.ಪಿ.ಆರ್.ಗೆ ಲಸಿಕೆ ಬೇಕು. ಮಳೆಗಾಲದ ನೀಲಿ ನಾಲಿಗೆ ರೋಗವನ್ನು ಸಣ್ಣ ನೊರಜುಗಳು ಹಬ್ಬಿಸುತ್ತವೆ, ಹಾಗಾಗಿ ನಿಂತ ನೀರಿನ ಪಕ್ಕ ರಾತ್ರಿ ತಂಗಬಾರದು. ದಾರಿಯಲ್ಲಿ ಕುರಿ ಬಿದ್ದರೆ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಸಿಗುತ್ತದೆ. ಆಕಸ್ಮಿಕವಾಗಿ ಸತ್ತ ಕುರಿಗೆ ರಾಜ್ಯದ ಅನುಗ್ರಹ ಯೋಜನೆಯಲ್ಲಿ ಪರಿಹಾರವಿದೆ. 2025–26ರ ಬಜೆಟ್ಟಿನಲ್ಲಿ ಅದನ್ನು 5,000ದಿಂದ 7,500 ರೂಪಾಯಿಗೆ ಏರಿಸಿದ್ದಾರೆ. ಪಶುವೈದ್ಯರ ಮರಣೋತ್ತರ ಪರೀಕ್ಷೆಯಿಲ್ಲದೆ ಅದು ಕೈಸೇರದು. ಅವಸರದಲ್ಲಿ ಹೂತುಬಿಟ್ಟು ಮುಂದೆ ನಡೆದರೆ ಹಣವೂ ಹೋಯಿತು, ಯಾವ ರೋಗ ಎಂಬ ತಿಳಿವಳಿಕೆಯೂ ಹೋಯಿತು. ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ರಕ್ಷಣೆಗೆಂದು 2025ರಲ್ಲಿ ರಾಜ್ಯ ವಿಧಾನಮಂಡಲ ಪ್ರತ್ಯೇಕ ಮಸೂದೆಯನ್ನೂ ಅಂಗೀಕರಿಸಿದೆ. ಕಾಗದದ ಮೇಲಿನ ರಕ್ಷಣೆ ಮಡ್ಡಿಯ ಬೀಡಿನವರೆಗೆ ತಲುಪಬೇಕೆಂಬುದು ನನ್ನ ಆಸೆ, ಏಕೆಂದರೆ ಗಾಯರಾಣ (ಗೋಮಾಳ), ಬಂಡಿದಾರಿಗಳು ಒತ್ತುವರಿಯಾದಷ್ಟೂ ಹಿಂಡುಗಳು ಹೆದ್ದಾರಿಗೆ ಇಳಿಯುತ್ತವೆ, ಅಲ್ಲಿ ಲಾರಿಗಳ ಬಾಯಿಗೆ ಬೀಳುತ್ತವೆ.

ಕುರಿ ಕೂಡ್ರಿಸಬೇಕೆನ್ನುವ ರೈತ ಮಾಡಬೇಕಾದ್ದು ಬಹಳವಿಲ್ಲ. ಕಟಾವಿನ ದಿನ ಒಂದು ವಾರ ಮೊದಲೇ ಖಚಿತವಾಗಿ ಹೇಳಬೇಕು. ಜೋಳ ಕಿತ್ತದ್ದೋ ಕೊಯ್ದದ್ದೋ, ಪಕ್ಕದ ಹೊಲದವರು ಏನು ಔಷಧ ಹೊಡೆದಿದ್ದಾರೆ, ಬಾವಿಯ ನೀರು ಹಿಂಡಿಗೆ ಸಾಲುತ್ತದೆಯೇ ಎಂಬುದನ್ನೂ ಅದೇ ಫೋನಿನಲ್ಲಿ ತಿಳಿಸಬೇಕು. ಎಷ್ಟು ರಾತ್ರಿ, ಎಷ್ಟು ಕಾಳು ಎಂಬ ಮಾತಿನ ಜೊತೆಗೆ, ನಡುವೆ ಮಳೆ ಬಂದರೆ ಆದಷ್ಟು ರಾತ್ರಿಗೆ ಲೆಕ್ಕ ಮಾಡುವುದೆಂದು ಮೊದಲೇ ಒಪ್ಪಿಕೊಂಡರೆ ಜಗಳವಿಲ್ಲ. ಕುರಿಗಾರನೂ ಬರಲಾಗದಿದ್ದರೆ ಎರಡು ದಿನ ಮುಂಚೆ ಹೇಳಬೇಕು; ಆ ಹೊತ್ತಿನಲ್ಲಿ ಹತ್ತಿರದ ಇನ್ನೊಂದು ಹಿಂಡನ್ನು ಆ ಹೊಲಕ್ಕೆ ಕಳಿಸಲು ಸಾಧ್ಯವಾಗುತ್ತದೆ.