ಚಾಲಕನ ಶಿಕ್ಷೆಯೂ ಆಂಬುಲೆನ್ಸಿನ ಕೆಲಸವೂ

ಈ ಸಂಚಿಕೆಗೆ ಹರಿಶ್ಚಂದ್ರ ಕಾವ್ಯದ ಮೇಲೊಂದು ಲೇಖನ ಬರೆಯಬೇಕೆಂದಿದ್ದೆನು. ಆದರೆ ಕಳೆದ ಆರು ತಿಂಗಳಲ್ಲಿ ನಾನು ರಾಘವಾಂಕನಿಗಿಂತ ಹೆಚ್ಚಾಗಿ ಓದಿದ್ದು 1988ರ ಮೋಟಾರು ವಾಹನಗಳ ಕಾಯಿದೆಯನ್ನು. ನಮ್ಮ ವಂಶದಲ್ಲಿ ಪಿ.ಯು.ಸಿ. ದಾಟಿದವನು ನಾನೊಬ್ಬನೇ. ಆದಕಾರಣ ಮೊಹರು ಬಿದ್ದ ಕಾಗದ ಯಾವುದು ಬಂದರೂ ಅದನ್ನು ಬಿಚ್ಚಿ ಅರ್ಥ ಹೇಳುವ ಭಾರ ನನ್ನದು. ಹೀಗೆ ತಿಳಿದುಕೊಂಡ ವಿಷಯ ಸಹಪಾಠಿ ಮಿತ್ರರಲ್ಲಿ ಕೆಲವರಿಗಾದರೂ ಬೇಕಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಪ್ರಸಂಗವಿಷ್ಟು. ನನ್ನ ದೊಡ್ಡಪ್ಪನ ಮಗ ಮುಳಬಾಗಿಲು ಕಡೆಯಿಂದ ಕೋಲಾರದ ಎ.ಪಿ.ಎಂ.ಸಿ. ಯಾರ್ಡಿಗೆ ಟೊಮೇಟೊ ತುಂಬಿದ ಟೆಂಪೊ ಓಡಿಸುತ್ತಿದ್ದನು. ಒಂದು ರಾತ್ರಿ ಬಾಡಿಗೆ ಮುಗಿಸಿ, ಕುಡಿದು, ಗಾಡಿ ಹತ್ತಿದನು. ಯಾರಿಗೂ ಪೆಟ್ಟಾಗಲಿಲ್ಲ, ಹೆದ್ದಾರಿಯಲ್ಲಿ ಪೊಲೀಸರು ಉಪಕರಣಕ್ಕೆ ಊದಿಸಿ ಹಿಡಿದರು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಬಂದು, “ಮುಗೀತು ಬಿಡಪ್ಪ” ಎಂದನು. ಮುಗಿದಿರಲಿಲ್ಲ. ತಪ್ಪೊಪ್ಪಿಕೊಂಡು ದಂಡ ತೆತ್ತರೂ ಅದು ಅಪರಾಧ ನಿರ್ಣಯವೇ ಹೊರತು ಬಸ್ಸಿನಲ್ಲಿ ಟಿಕೆಟು ಪಡೆದಂತಲ್ಲವೆಂಬುದು ಅವನಿಗೆ ತಿಳಿಯದು. ಆಗ ನನಗೂ ತಿಳಿಯದು.

ಕಾಯಿದೆಯ 185ನೆಯ ಕಲಮಿನ ಪ್ರಕಾರ ನೂರು ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದ್ದರೆ ಅಪರಾಧ. 2019ರ ತಿದ್ದುಪಡಿಯಾದ ಮೇಲೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಅದೇ ತಿದ್ದುಪಡಿಯು 19ನೆಯ ಕಲಮಿಗೆ ಮತ್ತೊಂದನ್ನು ಸೇರಿಸಿತು: ಪೊಲೀಸರು ಲೈಸೆನ್ಸು ವಶಪಡಿಸಿಕೊಂಡು ಕಳುಹಿಸಿದಾಗ, ಮೊದಲ ತಪ್ಪಿಗೆ ಮೂರು ತಿಂಗಳ ಅನರ್ಹತೆ, ಮತ್ತೆ ಮಾಡಿದರೆ ಲೈಸೆನ್ಸೇ ರದ್ದು.

ಈ ಅಣ್ಣನಿಗೆ ಟೆಂಪೊ ಹೋದಮೇಲೆ ಹಿಡಿದ ಹುಚ್ಚು 108ರ ಆಂಬುಲೆನ್ಸು. ನಮ್ಮ ರಾಜ್ಯದಲ್ಲಿ ಆ ಸೇವೆ ‘ಆರೋಗ್ಯ ಕವಚ’ವೆಂಬ ಹೆಸರಿನಿಂದ 2008ರ ನವೆಂಬರ್ 1ರಂದು ಆರಂಭವಾಯಿತು. ಊರಿನವರು ಅದನ್ನು ಒಂದೇ ಕೆಲಸವೆಂದು ತಿಳಿದಿದ್ದಾರೆ. ವಾಸ್ತವದಲ್ಲಿ ಅದರಲ್ಲಿ ಎರಡು ಆಸನ, ಎರಡು ವೃತ್ತಿ. ಮುಂದೆ ಕುಳಿತು ಓಡಿಸುವವನನ್ನು ‘ಪೈಲಟ್’ ಎನ್ನುತ್ತಾರೆ. ಹಿಂದೆ ರೋಗಿಯ ಬಳಿ ಕೂರುವವರು ತುರ್ತು ವೈದ್ಯಕೀಯ ತಂತ್ರಜ್ಞರು, ಅಂದರೆ ಇ.ಎಂ.ಟಿ. ರಕ್ತ ಸೋರುವುದನ್ನು ನಿಲ್ಲಿಸುವುದು, ಆಮ್ಲಜನಕ ಕೊಡುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟುವುದು, ಕೆಲವೊಮ್ಮೆ ನಂಗಲಿ ದಾಟುವಷ್ಟರಲ್ಲಿ ಹೆರಿಗೆ ಮಾಡಿಸುವುದು, ಇವೆಲ್ಲ ಅವರ ಪಾಲು.

ನನ್ನ ಅಲ್ಪಮತಿಗೆ ತೋರುವಂತೆ, ವಾಹನ ಚಾಲನೆಯ ಅಪರಾಧ ಈ ಎರಡು ಆಸನಗಳಿಗೆ ಒಂದೇ ತೂಕದ್ದಲ್ಲ. ಕೆಂಪು ದೀಪ ಹಾಕಿಕೊಂಡು ವೇಗವಾಗಿ ಹೋಗುವ ಗಾಡಿಯನ್ನು ಕುಡಿದು ಓಡಿಸಿದವನ ಕೈಗೆ ಕೊಡಲು ಯಾರಾದರೂ ಹಿಂಜರಿದರೆ ಅದು ಅನ್ಯಾಯವೆಂದು ನಾನು ಹೇಳಲಾರೆ. ಮಲಗಿರುವವರು ನಮ್ಮ ತಾಯಿಯಾಗಿದ್ದರೆ ನಾನೂ ಹಿಂಜರಿಯುತ್ತಿದ್ದೆ. ಹಿಂದಿನ ಆಸನದವನಾದರೋ ಸ್ಟೀರಿಂಗು ಮುಟ್ಟುವುದಿಲ್ಲ. ಅವನಲ್ಲಿ ನೋಡಬೇಕಾದದ್ದು ತರಬೇತಿಯನ್ನು, ನಂಬಿಕೆಯನ್ನು, ಅವನು ಈಗಲೂ ಕುಡಿಯುತ್ತಾನೆಯೇ ಎಂಬುದನ್ನು. ಆ ವೃತ್ತಿಗೆ ಈಗ ಕಾನೂನಿನ ಮನ್ನಣೆಯೂ ದೊರೆತಿದೆ; 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯಿದೆಯ ಅನುಸೂಚಿಯಲ್ಲಿ ಅದರ ಹೆಸರಿದೆ.

ಅರ್ಜಿಯ ನಮೂನೆ ಬಂದಿತು. ಅದರಲ್ಲೊಂದು ಪ್ರಶ್ನೆ: ‘ಯಾವುದಾದರೂ ನ್ಯಾಯಾಲಯದಿಂದ ಶಿಕ್ಷೆಯಾಗಿದೆಯೆ?’ ದೊಡ್ಡಪ್ಪ ನನ್ನ ಪಕ್ಕದಲ್ಲಿ ಕುಳಿತು, “ಇಲ್ಲ ಅಂತ ಬರಿಯಪ್ಪ. ಯಾರ್ ಬಂದು ನೋಡ್ತಾರೆ?” ಎಂದರು. ನನ್ನ ಲೇಖನಿ ಅಲ್ಲಿಯೇ ನಿಂತಿತು. ಅಂದಿನ ಮಟ್ಟಿಗೆ ಕಾಗದ ಮಡಚಿಟ್ಟು, ಮರುದಿನ ನಮ್ಮ ಕಾಲೇಜಿನ ರಾಜ್ಯಶಾಸ್ತ್ರದ ಉಪನ್ಯಾಸಕರಲ್ಲಿಗೆ ಹೋದೆನು.

ಅವರು ಓದಲು ಕೊಟ್ಟದ್ದು 2016ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅವತಾರ್ ಸಿಂಗ್ ಪ್ರಕರಣದಲ್ಲಿ ನೀಡಿದ ತೀರ್ಪು. ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು, ಮುಚ್ಚಿಡಬಾರದು; ಮುಚ್ಚಿಟ್ಟ ಸಂಗತಿ ತೀರ ಸಣ್ಣದಾಗಿದ್ದರೆ ಉದ್ಯೋಗದಾತನು ಅದನ್ನು ಕ್ಷಮಿಸಬಹುದು; ನಿಜ ಹೇಳಿದರೂ ಅವನು ಪೂರ್ವಚರಿತ್ರೆಯನ್ನು ತೂಗಿ ನೋಡಬಹುದು, ಕೆಲಸ ಕೊಡಲೇಬೇಕೆಂಬ ಬಲವಂತವಿಲ್ಲ ಎಂಬುದು ಅದರ ಸಾರ. ಸುಳ್ಳು ಬರೆದು ಸಿಕ್ಕಿದ ಕೆಲಸ ಪೊಲೀಸ್ ತಪಾಸಣೆಯ ದಿನ ಹೋಗಬಹುದು. ನಿಜ ಬರೆದರೆ ಸಿಕ್ಕದೆಯೂ ಹೋಗಬಹುದು. ಇದರಲ್ಲಿ ಯಾವುದು ಲೇಸೆಂದು ಓದದವರಿಗೆ ತಿಳಿಹೇಳುವುದು ಸುಲಭವಲ್ಲ.

ಮತ್ತೊಂದು ಸಂಗತಿ ನನ್ನನ್ನು ಹೆಚ್ಚು ನೋಯಿಸಿತು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಎಂಬುದೊಂದಿದೆ. ತಕ್ಕ ಪ್ರಕರಣಗಳಲ್ಲಿ ನ್ಯಾಯಾಧೀಶರು ಶಿಕ್ಷೆ ವಿಧಿಸದೆ, ಎಚ್ಚರಿಕೆ ಕೊಟ್ಟೋ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡಬಹುದು. ಹಾಗೆ ಬಿಟ್ಟವನಿಗೆ, ಶಿಕ್ಷೆಯಾದವರಿಗೆ ಕಾನೂನಿನಿಂದ ಅಂಟುವ ಅನರ್ಹತೆ ಅಂಟುವುದಿಲ್ಲವೆಂದು 12ನೆಯ ಕಲಮು ಹೇಳುತ್ತದೆ. ತಪ್ಪೇ ನಡೆಯಲಿಲ್ಲವೆಂದು ಇದರಿಂದ ಆಗುವುದಿಲ್ಲ. ಕುಡಿದು ಓಡಿಸಿದ ಪ್ರಕರಣದಲ್ಲಿ ನ್ಯಾಯಾಧೀಶರು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ಕೇಳಿಕೊಳ್ಳುವುದಕ್ಕಾದರೂ ಅಂಥದೊಂದು ಉಂಟೆಂದು ತಿಳಿದವರು ಆ ದಿನ ಅಣ್ಣನ ಬಳಿ ಇರಲಿಲ್ಲ. ನಾನು ಅಂದು ಕಾಲೇಜಿನಲ್ಲಿ ಕಿರುಪರೀಕ್ಷೆ ಬರೆಯುತ್ತಿದ್ದೆನು.

ಕೊನೆಗೆ ಅಣ್ಣನು ಆ ಪ್ರಶ್ನೆಯ ಮುಂದೆ ‘ಹೌದು’ ಎಂದು ಬರೆದು, ಕಲಮು, ತಾರೀಖು, ಕಟ್ಟಿದ ದಂಡ ಎಲ್ಲವನ್ನೂ ತನ್ನ ಕೈಯಿಂದಲೇ ತುಂಬಿದನು. ಪೈಲಟ್ ಕೆಲಸ ಸಿಕ್ಕಲಿಲ್ಲ. ಅವನು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ್ದು ಪುಣ್ಯ; ಈಗ ಅರೆವೈದ್ಯಕೀಯ ಡಿಪ್ಲೊಮಾಕ್ಕೆ ಸೇರಿದ್ದಾನೆ. ಅವನಲ್ಲಿ ಮತ್ತೊಂದು ಬಂಡವಾಳವೂ ಇದೆ. ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ನೋವು ಬಂದಾಗ ಜನ ಕೂಗಿಕೊಳ್ಳುವುದು ತೆಲುಗಿನಲ್ಲಿ. ಮಾಲೂರಿನ ಗಡಿಯ ಕಡೆಗೆ ಹೋದರೆ ತಮಿಳೂ ಬೇಕು. ಅವನಿಗೆ ಕನ್ನಡದೊಡನೆ ಎರಡೂ ಬರುತ್ತವೆ. “ಎಲ್ಲಿ ನೋವು?” ಎಂದು ರೋಗಿಯ ಭಾಷೆಯಲ್ಲಿಯೇ ಕೇಳಬಲ್ಲವನು ಹಿಂದಿನ ಆಸನದಲ್ಲಿದ್ದರೆ ಎಷ್ಟು ನಿಮಿಷ ಉಳಿದೀತೆಂದು ವಾಚಕರೇ ಊಹಿಸಬಹುದು.

ದೊಡ್ಡಪ್ಪ ಮಾತ್ರ ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲ. “ನೀನ್ ಓದಿದ್ದಕ್ಕೆ ನನ್ ಮಗನ ಕೆಲಸ ಹೋಯ್ತು” ಎಂದು ಒಮ್ಮೆ ಅಂದರು. ಸಂಜೆ ಅಣ್ಣನು ರಕ್ತದೊತ್ತಡ ನೋಡುವುದನ್ನು ಅಭ್ಯಾಸ ಮಾಡಲು ಮನೆಯವರ ತೋಳುಗಳಿಗೆಲ್ಲ ಪಟ್ಟಿ ಸುತ್ತುತ್ತಾನೆ. ನಾನು ಕೈ ಚಾಚುತ್ತೇನೆ, ದೊಡ್ಡಮ್ಮ ಚಾಚುತ್ತಾರೆ. ದೊಡ್ಡಪ್ಪ ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ರಸ್ತೆ ನೋಡುತ್ತ ಕುಳಿತಿರುತ್ತಾರೆ.