ಅಂಬಾಸಿಡರ್ ಮತ್ತು ಪದ್ಮಿನಿ: ಓಟವೂ ಆರೈಕೆಯೂ

ಒಂದು ಕಾಲಕ್ಕೆ ನಮ್ಮ ದೇಶದ ರಸ್ತೆಗಳನ್ನು ಬಹುಪಾಲು ಹಂಚಿಕೊಂಡಿದ್ದ ಕಾರುಗಳು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಮೊದಲನೆಯದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶಜ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾಯಿತು. ಎರಡನೆಯದು ಇಟಲಿಯ ಫಿಯಟ್ 1100ರ ರೂಪಾಂತರ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಅದಕ್ಕೆ ಪದ್ಮಿನಿಯೆಂಬ ಹೆಸರು ಬಂದದ್ದು 1970ರ ದಶಕದಲ್ಲಿ. ಎರಡರ ತಯಾರಿಕೆಯೂ ಈಗ ನಿಂತಿದೆ. ಆದರೂ ಇವುಗಳನ್ನು ಉಳಿಸಿಕೊಂಡವರೂ ಹೊಸದಾಗಿ ಕೊಳ್ಳಬಯಸುವವರೂ ಇರುವುದರಿಂದ, ಇವುಗಳ ಗುಣಭೇದವನ್ನು ಅರಿಯುವುದು ಉಪಯುಕ್ತವೆನಿಸುತ್ತದೆ.

ಮೊದಲು ಓಟದ ವಿಚಾರ. ಅಂಬಾಸಿಡರಿಗೆ ಬಹುಕಾಲ ಇದ್ದುದು 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಪದ್ಮಿನಿಯದು 1089 ಸಿ.ಸಿ. ಅಷ್ಟರಿಂದಲೇ ಪದ್ಮಿನಿಯನ್ನು ಮಂದಗತಿಯದೆನ್ನಲಾಗದು. ಅದರ ಒಡಲು ಹಗುರ, ಎಂಜಿನ್ ಚುರುಕು; ಪೇಟೆಯ ಇಕ್ಕಟ್ಟಿನಲ್ಲಿ ತಿರುಗಿಸುವುದು ಸುಲಭ, ಪೆಟ್ರೋಲಿನ ಖರ್ಚೂ ಕಡಿಮೆ. ಅಂಬಾಸಿಡರಿನ ಬಲವಿರುವುದು ಎಳೆತದಲ್ಲಿ. ತುಂಬು ಸಂಸಾರವನ್ನೂ ಸಾಮಾನನ್ನೂ ಹೊತ್ತು, ಎಂಜಿನ್ನಿಗೆ ಹೆಚ್ಚು ಆಯಾಸವಿಲ್ಲದೆ ಅದು ದಿಣ್ಣೆಯೇರಬಲ್ಲದು. ಎರಡರ ಹಳೆಯ ಮಾದರಿಗಳಲ್ಲಿಯೂ ನಾಲ್ಕು ಗಾಲಿಗಳಿಗೆ ಡ್ರಮ್ ಬ್ರೇಕುಗಳೇ ಇರುವುದರಿಂದ, ಇಂದಿನ ಸಂಚಾರದಲ್ಲಿ ಮುಂದಿನ ವಾಹನದಿಂದ ಸಾಕಷ್ಟು ಅಂತರ ಕಾಯ್ದುಕೊಳ್ಳುವುದು ಅವಶ್ಯ.

ಆರೈಕೆಯಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಅಂಬಾಸಿಡರಿನ ಈ ಎಂಜಿನ್ನಿನ ಹೆಡ್ ಎರಕದ ಕಬ್ಬಿಣದ್ದು; ಕೊಂಚ ಕಾವೇರಿದರೂ ತಾಳಿಕೊಳ್ಳುತ್ತದೆ. ಪದ್ಮಿನಿಯ ಹೆಡ್ ಅಲ್ಯುಮಿನಿಯಂನದು. ರೇಡಿಯೇಟರಿನ ನೀರು ಬತ್ತಿದ ಮೇಲೆಯೂ ಓಡಿಸಿದರೆ ಅದು ಸೊಟ್ಟಗಾಗಿ, ಗ್ಯಾಸ್ಕೆಟ್ ಕೆಡುತ್ತದೆ. ಆದ್ದರಿಂದ ಪದ್ಮಿನಿಯ ಒಡೆಯನಿಗೆ ಪ್ರತಿದಿನ ನೀರು ನೋಡುವ ಅಭ್ಯಾಸ ಅನಿವಾರ್ಯ. ಕಾಲಕಾಲಕ್ಕೆ ಗ್ರೀಸ್ ತುಂಬುವುದು, ಕಾರ್ಬ್ಯುರೇಟರನ್ನು ಶುಚಿಗೊಳಿಸುವುದು, ವಾಲ್ವುಗಳ ಸಂದನ್ನು ಸರಿಪಡಿಸುವುದು ಎರಡಕ್ಕೂ ಸಮಾನ.

ಆದರೆ ಇವುಗಳ ನಿಜವಾದ ಶತ್ರು ತುಕ್ಕು. ಎರಡಕ್ಕೂ ಬೇರೆಯ ಚಾಸಿಸ್ ಇಲ್ಲ. ಒಡಲ ತಗಡೇ ಭಾರವನ್ನೆಲ್ಲ ಹೊರುತ್ತದೆ. ತಳ ಜೀರ್ಣವಾದರೆ ಕಾರಿನ ಬೆನ್ನೆಲುಬೇ ಮುರಿದಂತೆ. ಎಂಜಿನ್ನನ್ನು ಬಿಚ್ಚಿ ಜೋಡಿಸಬಹುದು; ತುಕ್ಕು ತಿಂದ ತಳವನ್ನು ಮೊದಲಿನಂತೆ ಮಾಡುವುದು ಕಷ್ಟಸಾಧ್ಯ. ಕೊಳ್ಳುವವರು ಹೊರಗಿನ ಬಣ್ಣಕ್ಕೆ ಮರುಳಾಗದೆ, ಚಾಪೆಯೆತ್ತಿ ನೆಲದ ತಗಡನ್ನು ಮೊದಲು ಪರೀಕ್ಷಿಸಬೇಕು.

ಹೊರೆಗೂ ಕೆಟ್ಟ ರಸ್ತೆಗೂ ಅಂಬಾಸಿಡರ್, ಪೇಟೆಯ ಓಡಾಟಕ್ಕೆ ಪದ್ಮಿನಿ ಎಂಬುದು ನ್ಯಾಯವಾದ ತೀರ್ಮಾನ. ಆದರೆ ಕಿವಿಯಿಂದ ಕೇಳಿಯೇ ದೋಷವನ್ನು ಗುರುತಿಸಬಲ್ಲ ಮೇಸ್ತ್ರಿಗಳು ವಿರಳರಾಗುತ್ತಿದ್ದಾರೆ. ಅವರ ಕೈಯ ಕಸಬು ತರುಣರಿಗೆ ದಾಟದಿದ್ದರೆ, ಬಿಡಿಭಾಗಗಳು ದೊರೆತರೂ ಈ ಕಾರುಗಳು ರಸ್ತೆಯ ಮೇಲೆ ಉಳಿಯಲಾರವು.